ಫ್ರಾನ್ಸ್‌ನ ಹಳ್ಳಿಗಾಡಿನಲ್ಲಿ ಹತ್ತು ದಿನ ಸೈಕಲ್: ಎಲ್ಲಿಗೆ ಹೋಗೋಣ?

ಪ್ರಶ್ನೆ: ನಾವು ಹಾಸನದವರು. ನನಗೆ 56 ವರ್ಷ, ನಮ್ಮ ಯಜಮಾನರಿಗೆ 61. ಮಗಳು ಫ್ರಾನ್ಸ್‌ನ ಲಿಯೋನ್‌ನಲ್ಲಿ ಓದುತ್ತಿದ್ದಾಳೆ. ಸೆಪ್ಟೆಂಬರ್‌ನಲ್ಲಿ ಅವಳ ಹತ್ತಿರ ಹೋಗುತ್ತಿದ್ದೇವೆ. ಪ್ಯಾರಿಸ್ ಒಮ್ಮೆ ನೋಡಿ ಆಗಿದೆ. ಈ ಸಲ ಗದ್ದಲ ಬೇಡ. ಹತ್ತು ದಿನ ಹಳ್ಳಿಗಾಡಿನಲ್ಲಿ ಸೈಕಲ್ ತುಳಿದು, ಹಳೇ ಕಟ್ಟಡ, ಕಾಡು ನೋಡುವ ಆಸೆ. ಊರಲ್ಲಿ ದಿನಾ ಬೆಳಿಗ್ಗೆ ಇಬ್ಬರೂ ಸ್ವಲ್ಪ ಸೈಕಲ್ ಹೊಡೆಯುತ್ತೇವೆ, ಅಷ್ಟೇ. ಯಜಮಾನರಿಗೆ ಮಂಡಿ ನೋವಿದೆ. ನಾವು ಸಸ್ಯಾಹಾರಿಗಳು. ಎಲ್ಲರೂ ಲುವಾರ್ ಕಣಿವೆಗೆ ಹೋಗಿ ಅಂತಾರೆ. ನೀವೇನು ಹೇಳುತ್ತೀರಿ?

ಉತ್ತರ: ಲುವಾರ್ ಕಣಿವೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀವು ಲಿಯೋನ್‌ನಿಂದ ಹೊರಡುವವರು, ಮಂಡಿ ನೋವಿದೆ, ಗದ್ದಲ ಬೇಡ ಅಂತೀರಿ. ಹಾಗಿದ್ದರೆ ನಾನು ಹೇಳುವುದು ಬರ್ಗಂಡಿ. ಲಿಯೋನ್‌ನಿಂದ ಉತ್ತರಕ್ಕೆ ಹೋಗುವ ಸಾಮಾನ್ಯ ಪ್ರಾದೇಶಿಕ ರೈಲು ಹತ್ತಿ. ಒಂದು ಗಂಟೆಯ ಆಸುಪಾಸಿನಲ್ಲಿ ಬರ್ಗಂಡಿಯ ತೆಂಕಣ ಬಾಗಿಲು ಮಾಕೋನ್ ಬರುತ್ತದೆ. ನಾನು ಈ ಪ್ರದೇಶದ ದಿಜೋನ್ ಊರಿನಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಬೇಸಿಗೆಯಲ್ಲಿ ಸಣ್ಣ ಗುಂಪುಗಳನ್ನು ಸೈಕಲ್ ಮೇಲೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಬರ್ಗಂಡಿ ಅಂದರೆ ಹೊರಗಿನವರಿಗೆ ದ್ರಾಕ್ಷಿ ತೋಟ, ವೈನ್ ಅಷ್ಟೇ ನೆನಪಾಗುತ್ತದೆ. ನಿಮಗೆ ನಾನು ತೋರಿಸಬೇಕು ಅಂದುಕೊಂಡಿರುವುದು ಬೇರೆ.

ಇಲ್ಲಿ ನೀವು ತುಳಿಯುವ ದಾರಿಯೇ ಒಂದು ಹಳೇ ಕಟ್ಟಡ. ಒಂದು ಕಡೆ ಅದು ರೈಲು ಹಳಿ ಆಗಿತ್ತು. ಇನ್ನೊಂದು ಕಡೆ ಕಾಲುವೆಯ ಪಕ್ಕ ದೋಣಿ ಎಳೆಯುವ ಕುದುರೆ ನಡೆದ ದಾರಿ. ನೀವು ನೋಡುವ ಕಾಡು ಪ್ಯಾರಿಸ್‌ನ ಒಲೆಗೆ ಸೌದೆ ಕೊಟ್ಟ ಕಾಡು. ನೋಡಲು ಹೋಗುವ ದೊಡ್ಡ ಮಠ ಮುಂದೆ ಕಲ್ಲು ಮಾರುವ ಕ್ವಾರಿ ಆಯಿತು. ಎಲ್ಲವೂ ಯಾವುದೋ ಒಂದು ಕೆಲಸಕ್ಕೆ ಹುಟ್ಟಿ, ಆ ಕೆಲಸ ಹೋದ ಮೇಲೆ ಇನ್ನೊಂದಾಗಿ ಉಳಿದವು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನೋಡಿದರೆ ದಾರಿ, ಕಾಡು, ಕಲ್ಲು ಮೂರೂ ಒಂದೇ ಕತೆ ಹೇಳುತ್ತವೆ.

ಮೊದಲು ಮಂಡಿಯ ವಿಷಯ. ರೈಲು ಕಡಿದಾದ ಏರು ಹತ್ತಲಾರದು. ಕಾಲುವೆಯ ನೀರು ಮಟ್ಟವಾಗಿಯೇ ನಿಲ್ಲಬೇಕು. ಹಾಗಾಗಿ ರೈಲು ಹೋದ ದಾರಿ, ದೋಣಿ ಹೋದ ದಾರಿ ಎರಡೂ ಮಂಡಿಗೆ ಹಿತ. ಫ್ರಾನ್ಸ್‌ನಲ್ಲಿ ಎರಡು ಬೋರ್ಡು ಗುರುತಿಟ್ಟುಕೊಳ್ಳಿ. ‘ವುವಾ ವೆರ್ತ್’ ಅಂದರೆ ಹಸಿರು ದಾರಿ, ಅಲ್ಲಿ ಕಾರು, ಬೈಕು ಬರುವಂತಿಲ್ಲ. ‘ವೇಲೋರೂತ್’ ಅಂದರೆ ಸೈಕಲ್‌ಗೆ ಗುರುತು ಹಾಕಿದ ಮಾರ್ಗ, ಅಷ್ಟೇ. ಅದರಲ್ಲಿ ಕಾರು ಓಡಾಡುವ ಹಳ್ಳಿ ರಸ್ತೆಯೂ ಸೇರಿರಬಹುದು, ಏರೂ ಇರಬಹುದು. ಸೈಕಲ್ ದಾರಿ ಅಂದರೆ ಎಲ್ಲಾ ಮಟ್ಟಸ ಅಂದುಕೊಂಡು ಬಂದು ಗುಡ್ಡದಲ್ಲಿ ಸಿಕ್ಕಿಕೊಂಡವರನ್ನು ತುಂಬಾ ನೋಡಿದ್ದೇನೆ.

ಎಲೆಕ್ಟ್ರಿಕ್ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ಇದರಲ್ಲಿ ಸಂಕೋಚ ಬೇಡ. ಇಲ್ಲಿ ಎಪ್ಪತ್ತರ ಅಜ್ಜ ಅಜ್ಜಿಯರು ಅದರಲ್ಲೇ ಊರೂರು ಸುತ್ತುತ್ತಾರೆ. ಕಾನೂನಿನ ಪ್ರಕಾರ ಮೋಟಾರು ಗಂಟೆಗೆ 25 ಕಿ.ಮೀ. ತನಕ ಮಾತ್ರ ಸಹಾಯ ಮಾಡುತ್ತದೆ. ಅಂಗಡಿಯಲ್ಲಿ ಸೀಟಿನ ಎತ್ತರ ಸರಿಮಾಡಿಸಿಕೊಳ್ಳದೆ ಹೊರಡಬೇಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ಒಂಚೂರು ಮಾತ್ರ ಬಾಗಿರಬೇಕು. ಸೀಟು ತಗ್ಗಾಗಿದ್ದರೆ ಮಂಡಿಗೆ ಭಾರ ಜಾಸ್ತಿ. ನಮ್ಮ ಕಡೆಯವರು ಕಾಲು ನೆಲಕ್ಕೆ ಪೂರ್ತಿ ತಾಗಲಿ ಅಂತ ಸೀಟು ಇಳಿಸಿಕೊಳ್ಳುತ್ತಾರೆ. ಅರ್ಧ ನೋವು ಅಲ್ಲಿಂದಲೇ ಶುರುವಾಗುತ್ತದೆ.

ಈಗ ದಾರಿ. ಲಿಯೋನ್‌ನಿಂದ ಬರುವ ರೈಲಿನಲ್ಲಿ ಮಾಕೋನ್ ದಾಟಿ ಮುಂದೆ ಶಾಲೋನ್‌ನಲ್ಲಿ ಇಳಿಯಿರಿ. ಮೊದಲ ಐದು ದಿನ ಶಾಲೋನ್‌ನಿಂದ ಕ್ಲೂನಿ, ಅಲ್ಲಿಂದ ವಾಪಸು ಮಾಕೋನ್ ಕಡೆಗೆ. ಒಟ್ಟು ಸುಮಾರು 70 ಕಿ.ಮೀ. ಗಟ್ಟಿ ಇರುವವರು ಇದನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ನೀವು ಹಾಗೆ ಮಾಡಬೇಡಿ. ದಿನಕ್ಕೆ 15ರಿಂದ 25 ಕಿ.ಮೀ. ಸಾಕು. ಶಾಲೋನ್‌ನಿಂದ ಮಾಕೋನ್‌ಗೆ ಹಿಂದೆ ಒಂದು ಸಣ್ಣ ರೈಲು ಮಾರ್ಗ ಇತ್ತು. ಅದು ನಿಂತು ಹೋದ ಮೇಲೆ, 1997ರಲ್ಲಿ ಝಿವ್ರಿಯಿಂದ ಕ್ಲೂನಿ ತನಕ 44 ಕಿ.ಮೀ. ಹಳಿಯ ಜಾಗಕ್ಕೆ ಡಾಂಬರು ಹಾಕಿ ಹಸಿರು ದಾರಿ ಮಾಡಿದರು. ಫ್ರಾನ್ಸ್‌ನಲ್ಲಿ ಇಂಥ ದಾರಿಗಳಲ್ಲಿ ಇದೇ ಮೊದಲನೆಯದು. ಹಳೇ ಸ್ಟೇಷನ್ನುಗಳು ಈಗಲೂ ನಿಂತಿವೆ. ಕೆಲವು ಮನೆಗಳಾಗಿವೆ, ಕೆಲವು ಕಡೆ ಕಾಫಿ ಸಿಗುತ್ತದೆ, ಸೈಕಲ್ ಬಾಡಿಗೆಗೆ ಸಿಗುತ್ತದೆ. ಪ್ಲಾಟ್‌ಫಾರಂ ಅಂಚಿನಲ್ಲಿ ಕೂತು ಕಾಫಿ ಕುಡಿಯುವಾಗ ಈಗ ರೈಲು ಬಂತೇನೋ ಅನಿಸುತ್ತದೆ.

ಮೊದಲ ರಾತ್ರಿಗೆ ಬುಸಿ ಒಳ್ಳೆಯ ಊರು. ಆಮೇಲೆ ಸೇಂಟ್ ಝೆಂಗು ಬರುತ್ತದೆ. ಅದರ ಹಳೇ ಹೆಸರಿನ ಕೊನೆಗೆ ‘ರಾಯಲ್’ ಅಂತ ಇತ್ತು, ಅಂದರೆ ರಾಜನದು. ರಾಜರ ಕಾಲ ಹೋಗಿ ಗಣರಾಜ್ಯ ಬಂದ ಮೇಲೆ ‘ನಾಸಿಯೋನಾಲ್’ ಆಯಿತು, ಅಂದರೆ ದೇಶದ್ದು. ಕಿರಿದಾದ ಬೀದಿಗಳಲ್ಲಿ ಸೈಕಲ್ ತಳ್ಳಿಕೊಂಡು ನಡೆಯಿರಿ. ಊರಿನ ಬಟ್ಟೆ ಒಗೆಯುವ ಕಟ್ಟೆ ನೋಡಿ. ಇಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಮಾಡು ಹಾಕಿದ ಇಂಥ ಕಟ್ಟೆ ಇರುತ್ತದೆ, ಹೆಸರು ‘ಲವುವಾರ್’. ನಾಲ್ಕು ಕಡೆ ಕಲ್ಲು, ನಡುವೆ ಹರಿಯುವ ನೀರು. ಬಟ್ಟೆ ಒಗೆಯುತ್ತಾ ಊರ ಸುದ್ದಿಯೆಲ್ಲ ಇಲ್ಲೇ ಹರಡುತ್ತಿತ್ತು. ನಮ್ಮ ಕೆರೆ ಕಟ್ಟೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮುಂದೆ ಕೊರ್ಮಾತಾನ್. 17ನೇ ಶತಮಾನದ ಆರಂಭದಲ್ಲಿ ಕಟ್ಟಿದ ಬಂಗಲೆ, ಸುತ್ತ ನೀರಿನ ಕಂದಕ. ಒಳಗಿನ ಕೋಣೆಗಳ ಮರದ ಗೋಡೆ, ಮುಚ್ಚಿಗೆಗಳಲ್ಲಿ ಚಿನ್ನದ ಕೆಲಸ, ಗಾಢ ನೀಲಿ ಬಣ್ಣ ಇನ್ನೂ ಉಳಿದಿವೆ. ದಾರಿಯಿಂದ ಸ್ವಲ್ಪ ಒಳಕ್ಕೆ ಶಪೇಜ್ ಅಂತ ಹಳ್ಳಿ. ಅಲ್ಲಿ 11ನೇ ಶತಮಾನದ ಒಂದು ಚರ್ಚು ಇದೆ. ಹಳ್ಳಿ ಪುಟ್ಟದು, ಗೋಪುರ ಮಾತ್ರ ತುಂಬಾ ಎತ್ತರ. ಒಳಗೆ ದಪ್ಪ ದುಂಡು ಕಂಬ, ಬರೀ ಗೋಡೆ, ಬೇರೇನೂ ಇಲ್ಲ. ನನಗೆ ಇಡೀ ದಾರಿಯಲ್ಲಿ ಅತಿ ಇಷ್ಟವಾದ ಜಾಗ ಅದು. ಬೆಳಿಗ್ಗೆ ಹೋಗಿ ಹತ್ತು ನಿಮಿಷ ಸುಮ್ನೆ ಕೂತು ಬನ್ನಿ.

ಕೊರ್ಮಾತಾನ್ ಮತ್ತು ಕ್ಲೂನಿಯ ನಡುವೆ ಗುಡ್ಡದ ಮೇಲೆ ತೇಜೇ ಎಂಬ ಹಳ್ಳಿ. 1940ರಲ್ಲಿ, ಯುದ್ಧದ ನಡುವೆ, ಬ್ರದರ್ ರೋಜೇ ಇಲ್ಲಿಗೆ ಬಂದು ಮನೆ ಕೊಂಡರು. ತಪ್ಪಿಸಿಕೊಂಡು ಬಂದವರಿಗೆ ಜಾಗ ಕೊಟ್ಟರು. ಅದು ಬೆಳೆದು ಈಗ ಬೇರೆಬೇರೆ ಕ್ರೈಸ್ತ ಪಂಥದವರು ಒಟ್ಟಿಗೆ ಇರುವ ಆಶ್ರಮವಾಗಿದೆ. ಬೇಸಿಗೆಯಲ್ಲಿ ವಾರಕ್ಕೆ ಸಾವಿರಾರು ಹುಡುಗ ಹುಡುಗಿಯರು ಬರುತ್ತಾರೆ. ಮೂರು ಹೊತ್ತು ಪ್ರಾರ್ಥನೆ, ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ. ಭಜನೆಗೆ ಕೂತು ರೂಢಿ ಇರುವವರಿಗೆ ಆ ಸುತ್ತು ತಕ್ಷಣ ಹಿಡಿಸುತ್ತದೆ. ಯಾರು ಬೇಕಾದರೂ ಹೋಗಿ ಕೂರಬಹುದು.

ಇನ್ನು ಕ್ಲೂನಿ. ಇದಕ್ಕೆ ಪೂರ್ತಿ ಒಂದು ದಿನ ಕೊಡಿ, ಆ ದಿನ ಸೈಕಲ್ ಮುಟ್ಟಬೇಡಿ. 910ರಲ್ಲಿ ಅಕ್ವಿತೇನ್‌ನ ದೊರೆ ವಿಲಿಯಂ ಇಲ್ಲಿ ಒಂದು ಮಠಕ್ಕೆ ಜಾಗ ಕೊಟ್ಟ. ಕೊಡುವಾಗಲೇ, ಸ್ಥಳೀಯ ಪಾಳೆಯಗಾರರು ಯಾರೂ ಇದರಲ್ಲಿ ಕೈ ಹಾಕುವಂತಿಲ್ಲ ಅಂತ ಬರೆದುಕೊಟ್ಟ. ಆ ಒಂದು ಸ್ವಾತಂತ್ರ್ಯದಿಂದ ಕ್ಲೂನಿ ಬೆಳೆಯಿತು. ಯುರೋಪಿನ ತುಂಬ ಶಾಖಾ ಮಠಗಳು ಆದವು. 1088ರಲ್ಲಿ ಹೊಸ ಚರ್ಚು ಶುರುಮಾಡಿದರು. ಉದ್ದ 187 ಮೀಟರ್. ರೋಮ್‌ನಲ್ಲಿ ಈಗಿನ ಸೇಂಟ್ ಪೀಟರ್ಸ್ ಏಳುವ ತನಕ ಕ್ರೈಸ್ತ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಚರ್ಚು ಇರಲಿಲ್ಲ.

ಈಗ ಅದರಲ್ಲಿ ಹತ್ತನೇ ಒಂದು ಪಾಲೂ ಉಳಿದಿಲ್ಲ. ಫ್ರೆಂಚ್ ಕ್ರಾಂತಿಯಲ್ಲಿ ಮಠ ಮುಚ್ಚಿತು. 1798ರಲ್ಲಿ ಕಟ್ಟಡವನ್ನು ವ್ಯಾಪಾರಿಗಳಿಗೆ ಮಾರಿದರು. ಅವರು ಅದನ್ನು ಕಲ್ಲಿನ ರಾಶಿ ಅಂತಲೇ ಕೊಂಡರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಒಡೆದು, ಬಿಡಿಬಿಡಿಯಾಗಿ ಮಾರಿದರು. ಪಕ್ಕದಲ್ಲೇ ಸರ್ಕಾರದ ಕುದುರೆ ಲಾಯ ಎದ್ದಿತು, ಅದಕ್ಕೂ ಇಲ್ಲಿನ ಕಲ್ಲೇ. ಕ್ಲೂನಿಯ ಬೀದಿಗಳಲ್ಲಿ ನಡೆಯುವಾಗ ಮನೆಗಳ ಗೋಡೆ ನೋಡುತ್ತಾ ಹೋಗಿ. ಸಾಮಾನ್ಯ ಮನೆಯ ಗೋಡೆಯಲ್ಲಿ ಚೆಂದವಾಗಿ ಕಡೆದ ಕಲ್ಲು ಕಂಡರೆ ಅದು ಎಲ್ಲಿಂದ ಬಂದಿರಬಹುದು ಅಂತ ಯಾರೂ ಹೇಳಬೇಕಾಗಿಲ್ಲ.

ನೋಡುವ ಕ್ರಮ ಹೀಗಿರಲಿ. ಮೊದಲು ಊರ ನಡುವಿನ ‘ಚೀಸ್ ಗೋಪುರ’ ಹತ್ತಿ, ಮೇಲಿಂದ ಚರ್ಚಿನ ಪೂರ್ತಿ ಉದ್ದ ಅಂದಾಜು ಮಾಡಿ. ಆಮೇಲೆ ಇಳಿದು, ಹಳೇ ಬಾಗಿಲು ಇದ್ದ ಕಡೆಯಿಂದ ಹೆಜ್ಜೆ ಹಾಕಿ. ಕಂಬಗಳ ಬುಡ ಮಾತ್ರ ಕಾಣುತ್ತದೆ, ಅದನ್ನು ದಾಟಿ ರಸ್ತೆ, ಮನೆ. ತುಂಬಾ ನಡೆದ ಮೇಲೆ ಶಿಲುಬೆಯಾಕಾರದ ಚರ್ಚಿನ ಅಡ್ಡ ಭಾಗದ ಒಂದೇ ಒಂದು ತೋಳು ನಿಂತಿರುವುದು ಸಿಗುತ್ತದೆ. ಒಳಗೆ ಹೋಗಿ ತಲೆ ಎತ್ತಿದಾಗ ಉಳಿದದ್ದೇ ಇಷ್ಟಿದ್ದರೆ ಪೂರ್ತಿ ಹೇಗಿತ್ತಪ್ಪಾ ಅನಿಸುತ್ತದೆ. ಕೊನೆಗೆ 13ನೇ ಶತಮಾನದ ಹಿಟ್ಟಿನ ಉಗ್ರಾಣ. ಅದರ ಮರದ ಮಾಡು ದೋಣಿಯನ್ನು ಕವುಚಿ ಹಾಕಿದ ಹಾಗಿದೆ. ಚರ್ಚಿನಲ್ಲಿ ಉಳಿದ ಕೆತ್ತನೆಯ ಕಂಬದ ತಲೆಗಳನ್ನು ಅಲ್ಲಿ ಇಟ್ಟಿದ್ದಾರೆ. ನೀವು ಹಾಸನದವರು, ಬೇಲೂರು ಚೆನ್ನಕೇಶವ ನಿಮಗೆ ಮನೆಯಂಗಳ. ಅದು 1117ರದ್ದು, ಈ ಚರ್ಚೂ ಹೆಚ್ಚುಕಡಿಮೆ ಆಗಲೇ ಏಳುತ್ತಿತ್ತು. ಅಲ್ಲಿನ ಬಳಪದ ಕಲ್ಲು ಉಗುರಿನಂಥ ಸೂಕ್ಷ್ಮಕ್ಕೂ ಬಗ್ಗುತ್ತದೆ. ಇಲ್ಲಿನ ಸುಣ್ಣದ ಕಲ್ಲಿನಲ್ಲಿ ಅಷ್ಟು ಸೂಕ್ಷ್ಮ ಕಾಣಲಿಲ್ಲ ಅಂತ ಬೇಸರ ಪಡಬೇಡಿ, ಬಟ್ಟೆಯ ಮಡಿಕೆ, ಮೈಯ ತಿರುವು ನೋಡಿ.

ಕ್ಲೂನಿಯಿಂದ ಮಾಕೋನ್ ಕಡೆ ಹೊರಟರೆ ಬುವಾ ಕ್ಲೇರ್ ಸುರಂಗ ಬರುತ್ತದೆ. ಇದೂ ಹಳೇ ರೈಲಿನದೇ, ಉದ್ದ 1.6 ಕಿ.ಮೀ. ಒಳಗೆ ದೀಪ ಇದೆ, ಆದರೂ ಸೈಕಲ್ ದೀಪ ಹಾಕಿಕೊಳ್ಳಿ. ಹೊರಗೆ ಬಿಸಿಲಿದ್ದರೂ ಒಳಗೆ ನಡುಗಿಸುವ ಚಳಿ, ಸ್ವೆಟರು ಕೈಗೆ ಸಿಗುವ ಹಾಗಿರಲಿ. ಚಳಿಗಾಲದಲ್ಲಿ ಬಾವಲಿಗಳು ಇಲ್ಲಿ ಮಲಗುತ್ತವೆ, ಆಗ ಸುರಂಗ ಮುಚ್ಚುತ್ತಾರೆ. ಸೆಪ್ಟೆಂಬರ್‌ನಲ್ಲಿ ತೊಂದರೆ ಇಲ್ಲ. ಸುರಂಗ ದಾಟಿದ ಮೇಲೆ ಬೆರ್ಜೇ-ಲಾ-ವಿಲ್ ಎಂಬ ಹಳ್ಳಿಯಲ್ಲಿ ಕ್ಲೂನಿಯ ಮಠದವರು ಕಟ್ಟಿಸಿದ ಪುಟ್ಟ ಗುಡಿಯಂಥ ಚರ್ಚಿದೆ. ಅದರ ಗೋಡೆಯ ಚಿತ್ರಗಳು 12ನೇ ಶತಮಾನದವು. ಸುಣ್ಣದ ಕೆಳಗೆ ಮುಚ್ಚಿಹೋಗಿದ್ದವು, 1887ರಲ್ಲಿ ಕಣ್ಣಿಗೆ ಬಿದ್ದವು. ಕ್ಲೂನಿಯ ಗೋಡೆಗಳ ಬಣ್ಣ ಹೇಗಿತ್ತು ಅಂತ ಊಹಿಸಲು ಇಲ್ಲಿಗೆ ಬರಬೇಕು. ದಾರಿಯಿಂದ ಸ್ವಲ್ಪ ಏರು. ದಯವಿಟ್ಟು ಬಿಡಬೇಡಿ.

ಈ ಭಾಗ ಮುಗಿಯುವುದು ಸೊಲುತ್ರೇ ಬಂಡೆಯಲ್ಲಿ. 493 ಮೀಟರ್ ಎತ್ತರ, ದ್ರಾಕ್ಷಿ ತೋಟಗಳ ನಡುವೆ ಹಡಗಿನ ಮೂತಿಯ ಹಾಗೆ ಎದ್ದಿದೆ. 1866ರಿಂದ ಅದರ ಬುಡದಲ್ಲಿ ಅಗೆದಾಗ ಲೆಕ್ಕವಿಲ್ಲದಷ್ಟು ಕುದುರೆ ಮೂಳೆ ಸಿಕ್ಕವು. ಹಳೇ ಶಿಲಾಯುಗದ ಜನ ಕುದುರೆಗಳನ್ನು ಬಂಡೆಯ ಮೇಲಿಂದ ಓಡಿಸಿ ಬೀಳಿಸುತ್ತಿದ್ದರು ಅಂತ ಒಂದು ಕತೆ ಹುಟ್ಟಿಕೊಂಡಿತು. ಇವತ್ತಿಗೂ ಕೆಲವರು ಅದನ್ನೇ ಹೇಳುತ್ತಾರೆ. ಅದು ತಪ್ಪು. ಮೂಳೆಗಳು ಬಂಡೆಯ ನೇರ ಕೆಳಗೆ ಸಿಕ್ಕಿಲ್ಲ. ಪ್ರತಿ ವರ್ಷ ಈ ದಾರಿಯಲ್ಲಿ ಹಿಂಡು ಹಾದುಹೋಗುವಾಗ ಬುಡದ ಇಕ್ಕಟ್ಟಿನಲ್ಲಿ ಹಿಡಿದು ಬೇಟೆಯಾಡುತ್ತಿದ್ದರು. ಮೇಲಕ್ಕೆ ಕಾಲುದಾರಿ ಇದೆ, ಸೈಕಲ್ ಕೆಳಗೆ ಬಿಡಿ. ಯಜಮಾನರಿಗೆ ಹತ್ತಲು ಕಷ್ಟವಾದರೆ ಕೆಳಗಿನ ಮ್ಯೂಸಿಯಂ ಸಾಕು.

ಆರನೇ ದಿನ ಕಾಡಿಗೆ. ಬರ್ಗಂಡಿಯ ನಡುವೆ ಮೊರ್ವಾನ್ ಅಂತ ಗ್ರಾನೈಟ್ ಗುಡ್ಡಗಳ ಸೀಮೆ ಇದೆ, 1970ರಿಂದ ಪ್ರಾದೇಶಿಕ ಪ್ರಕೃತಿ ಉದ್ಯಾನ. ಇಲ್ಲಿ ಸೈಕಲ್ ಬೇಡ ಅಂತ ನೇರವಾಗಿ ಹೇಳುತ್ತೇನೆ. ಏರಿಳಿತ ಜಾಸ್ತಿ. ಮಗಳು ಜೊತೆಗೆ ಬಂದು ಕಾರು ಓಡಿಸುವಂತಿದ್ದರೆ ಓತನ್ ಊರಿಗೆ ಹೋಗಿ, ಅಲ್ಲಿಂದ ಬೂವ್ರೇ ಬೆಟ್ಟಕ್ಕೆ ಹೋಗಿ. 821 ಮೀಟರ್. ಈಗ ಪೂರ್ತಿ ಕಾಡು. ಎರಡು ಸಾವಿರ ವರ್ಷದ ಹಿಂದೆ ಇದು ಬಿಬ್ರಾಕ್ಟ್ ಎಂಬ ಪಟ್ಟಣ, ಇಡುವನ್ನರು ಎಂಬ ಗಾಲ್ ಬುಡಕಟ್ಟಿನ ರಾಜಧಾನಿ. ಗಾಲ್ ಅಂದರೆ ರೋಮನ್ನರು ಬರುವ ಮುಂಚೆ ಈ ಫ್ರಾನ್ಸ್ ನೆಲದಲ್ಲಿದ್ದ ಜನ. ಕ್ರಿ.ಪೂ. 52ರಲ್ಲಿ ಗಾಲ್ ಬುಡಕಟ್ಟುಗಳು ಇಲ್ಲಿ ಸೇರಿ ವೆರ್ಸಿಂಜೆಟೊರಿಕ್ಸ್‌ನನ್ನು ರೋಮನ್ ಸೇನಾಪತಿ ಸೀಸರ್ ವಿರುದ್ಧ ನಾಯಕನಾಗಿ ಒಪ್ಪಿಕೊಂಡವು. ಅದೇ ವರ್ಷ ಅಲೇಸಿಯಾದಲ್ಲಿ ಅವನು ಸೋತ. ಸೀಸರ್ ಆ ಚಳಿಗಾಲವನ್ನು ಇದೇ ಬೆಟ್ಟದ ಮೇಲೆ ಕಳೆದ. ಆಮೇಲೆ ರೋಮನ್ನರು ಕೆಳಗೆ ಬಯಲಲ್ಲಿ ಓತನ್ ಕಟ್ಟಿದರು, ಜನ ಇಳಿದು ಹೋದರು, ಬೆಟ್ಟ ಕಾಡಿನ ಪಾಲಾಯಿತು.

ಅಲ್ಲಿ ಒಂದು ಮರ ಹುಡುಕಿ. ಬೀಚ್ ಮರಗಳು, ಕೊಂಬೆಗಳು ಹಾವಿನ ಹಾಗೆ ಅಡ್ಡಡ್ಡ ತಿರುಚಿಕೊಂಡಿವೆ. ಇವು ಹಿಂದೆ ಹೊಲದ ಬೇಲಿ. ರೈತರು ಎಳೆ ಕಾಂಡವನ್ನು ಅರ್ಧ ಕಡಿದು, ಬಾಗಿಸಿ, ಹೆಣೆದು ಜೀವಂತ ಬೇಲಿ ಮಾಡುತ್ತಿದ್ದರು. ರೈತರು ಬಿಟ್ಟು ಹೋದರು, ಬೇಲಿ ಬೆಳೆಯುತ್ತಲೇ ಇತ್ತು. ಈಗ ಆ ಬೇಲಿಗಳು ದೈತ್ಯ ಮರಗಳಾಗಿ ಸಾಲಾಗಿ ನಿಂತಿವೆ. ಇದೇ ಕಾಡಿನಲ್ಲಿ ಒಂದೇ ಬುಡದಿಂದ ನಾಲ್ಕೈದು ಕಾಂಡ ಎದ್ದ ಮರಗಳೂ ಕಾಣುತ್ತವೆ. ದಪ್ಪ ಕಾಂಡ ಮಾತ್ರ ಕಡಿದು, ಸಣ್ಣದನ್ನು ಬೆಳೆಯಲು ಬಿಟ್ಟು, ಕೆಲವು ವರ್ಷಕ್ಕೆ ಮತ್ತೆ ಬಂದು ಕಡಿಯುತ್ತಿದ್ದ ಸೌದೆ ಕಾಡಿನ ಗುರುತು ಅದು. ಜೊತೆಗೆ ಕಪ್ಪಗೆ, ಸಾಲಾಗಿ ನಿಂತ ಡಗ್ಲಸ್ ಫರ್ ತೋಪುಗಳನ್ನೂ ನೋಡುತ್ತೀರಿ. ಎರಡನೇ ಮಹಾಯುದ್ಧದ ನಂತರ ಮರಕ್ಕಾಗಿ ನೆಟ್ಟಿದ್ದು. ಕಟಾವಿಗೆ ಬಂದಾಗ ಇಡೀ ಗುಡ್ಡ ಬೋಳಾಗುತ್ತದೆ. ಇದಕ್ಕೆ ಇಲ್ಲಿನ ಜನರ ವಿರೋಧ ಬಲವಾಗಿದೆ. ಕೆಲವರು ಸೇರಿ ದುಡ್ಡು ಹಾಕಿ, ಹಳೇ ಎಲೆ ಉದುರುವ ಕಾಡನ್ನು ಉಳಿಸಲೆಂದೇ ತುಂಡುತುಂಡಾಗಿ ಕೊಳ್ಳುತ್ತಿದ್ದಾರೆ. ನಾನು ಅವರ ಪರ. ಬೀಚ್ ಕಾಡಿನ ನೆರಳಲ್ಲಿ ಒಮ್ಮೆ ನಡೆದು, ಆಮೇಲೆ ಆ ಬೋಳು ಗುಡ್ಡ ನೋಡಿದರೆ ನಿಮಗೂ ಹಾಗೇ ಅನಿಸಬಹುದು.

ಕೊನೆಯ ನಾಲ್ಕು ದಿನ ನಿವೆರ್ನೇ ಕಾಲುವೆ. ಮೇಲೆ ಹೇಳಿದ ಸೌದೆ ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಉತ್ತರ ಇಲ್ಲಿದೆ. 16ನೇ ಶತಮಾನದಿಂದ ಪ್ಯಾರಿಸ್‌ಗೆ ಸೌದೆ ಕೊಟ್ಟಿದ್ದು ಮೊರ್ವಾನ್. ಚಳಿಗಾಲದಲ್ಲಿ ಮರ ಕಡಿಯುತ್ತಿದ್ದರು. ಪ್ರತಿ ತುಂಡಿನ ತುದಿಗೆ ಮಾಲೀಕನ ಮುದ್ರೆ ಹೊಡೆಯುತ್ತಿದ್ದರು. ಆಮೇಲೆ ಹಳ್ಳಕ್ಕೆ ಎಸೆದು, ಕಟ್ಟೆಯಲ್ಲಿ ತಡೆದಿಟ್ಟ ನೀರು ಬಿಟ್ಟರೆ ಸೌದೆ ತೇಲಿಕೊಂಡು ಯೋನ್ ನದಿಗೆ ಬರುತ್ತಿತ್ತು. ಕ್ಲಾಮ್ಸಿ ಊರಿನಲ್ಲಿ ಗಂಡಸರು, ಹೆಂಗಸರು, ಮಕ್ಕಳು ನೀರಿಗಿಳಿದು ಮುದ್ರೆ ನೋಡಿ ವಿಂಗಡಿಸುತ್ತಿದ್ದರು. ಅದನ್ನೆಲ್ಲ ಕಟ್ಟಿ 70 ಮೀಟರ್‌ಗಿಂತ ಉದ್ದದ ತೆಪ್ಪ ಮಾಡಿ ಪ್ಯಾರಿಸ್‌ಗೆ ಬಿಡುತ್ತಿದ್ದರು. ಮುಂದೆ ತೆಪ್ಪ ನಡೆಸುವವನು, ಹಿಂದಿನ ತುದಿಯಲ್ಲಿ ಒಬ್ಬ ಹುಡುಗ. ಹೋಗುವುದು ನೀರಲ್ಲಿ, ವಾಪಸು ಬರುವುದು ಕಾಲ್ನಡಿಗೆಯಲ್ಲಿ. ಮೊರ್ವಾನ್‌ನಲ್ಲಿ ಈಗ ಜನ ದೋಣಿ ವಿಹಾರಕ್ಕೆ ಹೋಗುವ ಸೆತ್ತೋನ್ ಸರೋವರವನ್ನು 1858ರಲ್ಲಿ ಮುಗಿಸಿದ್ದೇ ಈ ಸೌದೆ ತೇಲಿಸುವ ನೀರಿಗಾಗಿ. ಕಲ್ಲಿದ್ದಲು ಬಂತು, ಕೆಲಸ ಹೋಯಿತು. 1920ರ ದಶಕದಲ್ಲಿ ಸೌದೆ ತೇಲಿಸುವುದೇ ಪೂರ್ತಿ ನಿಂತಿತು.

ಕಾಲುವೆಯನ್ನೂ ಸೌದೆಗಾಗಿಯೇ 1784ರಲ್ಲಿ ಶುರುಮಾಡಿದರು. ಮುಗಿಯುವುದಕ್ಕೆ 1840ರ ದಶಕ ಬಂತು. ಉದ್ದ 174 ಕಿ.ಮೀ. ನೀವು ಓಸೆರ್ ಊರಿನಿಂದ ಕ್ಲಾಮ್ಸಿ ತನಕ ಸುಮಾರು 60 ಕಿ.ಮೀ. ಮಾತ್ರ ಮಾಡಿ, ಮೂರು ದಿನದಲ್ಲಿ. ದಾರಿ ಕಾಲುವೆಯ ದಂಡೆ, ಪೂರ್ತಿ ಮಟ್ಟಸ. ಎಲ್ಲಾದರೂ ಪುಟ್ಟ ಏರು ಬಂತು ಅಂದರೆ ಅಲ್ಲಿ ಲಾಕ್ ಬಂತು ಅಂತ ಅರ್ಥ. ಎರಡು ಗೇಟಿನ ನಡುವೆ ನೀರು ತುಂಬಿಸಿ ದೋಣಿಯನ್ನು ಒಂದು ಮೆಟ್ಟಿಲು ಮೇಲಕ್ಕೆ ಎತ್ತುವ ಜಾಗ. ದೋಣಿ ಬರುತ್ತಿದ್ದರೆ ಇಳಿದು ಪೂರ್ತಿ ನೋಡಿ, ಹೇಗೆ ಏರುತ್ತದೆ ಅಂತ. ಯಜಮಾನರಿಗೆ ಯಂತ್ರದ ಆಸಕ್ತಿ ಇದ್ದರೆ ಕಾರಿನಲ್ಲಿ ಸಾರ್ದಿಗೆ ಕರೆದುಕೊಂಡು ಹೋಗಿ. ಅಲ್ಲಿ ಹದಿನಾರು ಲಾಕ್‌ಗಳು ಒಂದರ ಮೇಲೊಂದು ಮೆಟ್ಟಿಲ ಹಾಗಿವೆ, ಮೇಲೆ ಕಾಲುವೆ ಗುಡ್ಡವನ್ನೇ ಕೊರೆದು ಸುರಂಗದಲ್ಲಿ ಹೋಗುತ್ತದೆ.

ಈ ದಾರಿಯಲ್ಲಿ ನಾನು ಮೊದಲ ಸಲ ಮಾಡಿದ ತಪ್ಪು ಹೇಳುತ್ತೇನೆ. ಒಂದೇ ದಿನದಲ್ಲಿ ತೊಂಬತ್ತು ಕಿಲೋಮೀಟರ್ ಹೊಡೆದೆ. ಕ್ಲಾಮ್ಸಿ ಸೇತುವೆಯ ಮೇಲೆ ತೆಪ್ಪದವನ ಪ್ರತಿಮೆ ಇದೆ, ಅದರ ಪಕ್ಕದಲ್ಲೇ ಹಾದು ಹೋದೆ, ನೋಡಲಿಲ್ಲ. ಆ ದಿನ ಸೋಮವಾರ. ಹಳ್ಳಿಗಳಲ್ಲಿ ಒಂದು ಅಂಗಡಿಯೂ ತೆರೆದಿರಲಿಲ್ಲ. ಸಂಜೆ ಹೊಟ್ಟೆಗಿಲ್ಲದೆ ಕಾಲುವೆ ದಂಡೆಯಲ್ಲಿ ಕೂತಿದ್ದೆ. ಒಬ್ಬ ಅಜ್ಜಿ ಅರ್ಧ ಬ್ರೆಡ್ಡು, ತೋಟದ ಟೊಮೆಟೊ ಕೊಟ್ಟು, ತೆಪ್ಪದ ಕತೆಯನ್ನೂ ಹೇಳಿದರು. ಅವರ ತಾತ ಅದೇ ಕೆಲಸ ಮಾಡಿದವರು.

ನಿಮಗೆ ಮುಟ್ಟುವ ಇನ್ನೊಂದು ವಿಷಯವೂ ಕ್ಲಾಮ್ಸಿಯಲ್ಲಿದೆ. ಫ್ರೆಂಚ್ ಲೇಖಕ ರೊಮೈನ್ ರೊಲಾಂಡ್ 1866ರಲ್ಲಿ ಹುಟ್ಟಿದ್ದು ಇಲ್ಲೇ. ಗಾಂಧೀಜಿ, ರಾಮಕೃಷ್ಣ ಪರಮಹಂಸ, ವಿವೇಕಾನಂದರ ಜೀವನ ಬರೆದು ಯುರೋಪಿಗೆ ತಿಳಿಸಿದವರು. 1931ರಲ್ಲಿ ಗಾಂಧೀಜಿ ಸ್ವಿಟ್ಜರ್‌ಲೆಂಡ್‌ಗೆ ಹೋಗಿ ಇವರನ್ನು ಕಂಡರು. ಕೊನೆಯ ವರ್ಷಗಳನ್ನು ವೆಜಲೇಯಲ್ಲಿ ಕಳೆದು, 1944ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಆ ಮನೆ ಈಗ ಕಲಾ ಮ್ಯೂಸಿಯಂ.

ವೆಜಲೇ ಕ್ಲಾಮ್ಸಿಯಿಂದ ಸುಮಾರು 25 ಕಿ.ಮೀ. ಆದರೆ ಏರು ದಾರಿ, ಕಾರೂ ಓಡಾಡುತ್ತದೆ. ಎಲೆಕ್ಟ್ರಿಕ್ ಸೈಕಲ್ಲಿದ್ದರೆ ಹೋಗಿ, ಇಲ್ಲದಿದ್ದರೆ ಟ್ಯಾಕ್ಸಿ. ಗುಡ್ಡದ ತುದಿಯಲ್ಲಿ ಮೇರಿ ಮ್ಯಾಗ್ಡಲೀನ್ ಚರ್ಚು, 1979ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. 1146ರಲ್ಲಿ ಸಂತ ಬರ್ನಾರ್ಡ್ ಈ ಗುಡ್ಡದ ಇಳಿಜಾರಿನಲ್ಲಿ ನಿಂತು ಎರಡನೇ ಧರ್ಮಯುದ್ಧಕ್ಕೆ (ಕ್ರುಸೇಡ್) ಜನರನ್ನು ಕರೆದ. 1840ರ ಹೊತ್ತಿಗೆ ಕಟ್ಟಡ ಬೀಳುವಂತಿತ್ತು. 26 ವರ್ಷದ ವಿಯೊಲೆ-ಲ-ದ್ಯೂಕ್ ಎಂಬ ಹುಡುಗನಿಗೆ ದುರಸ್ತಿ ವಹಿಸಿದರು, ಅವನು ಉಳಿಸಿದ. ಬಾಗಿಲ ಮೇಲಿನ ಕಲ್ಲಿನ ಕೆತ್ತನೆಗೆ ಒಂದು ಗಂಟೆ ಕೊಡಿ. ಜೂನ್ 21ರ ಸುಮಾರಿಗೆ ಮಧ್ಯಾಹ್ನ ಕಿಟಕಿಗಳ ಬೆಳಕು ನೆಲದ ನಡುವೆ ಸಾಲಾಗಿ, ಅಳೆದು ಇಟ್ಟ ಹಾಗೆ ಬೀಳುತ್ತದೆ. ನಿಮಗೆ ಸೆಪ್ಟೆಂಬರ್‌ನಲ್ಲಿ ಅದು ಸಿಗುವುದಿಲ್ಲ, ಆದರೂ ಒಳಗಿನ ಬೆಳಕು ಮರೆಯುವಂಥದ್ದಲ್ಲ.

ಹತ್ತಿರದಲ್ಲೇ ಆರ್ಸಿ ಗುಹೆಗಳಿವೆ. ಸುಮಾರು 28,000 ವರ್ಷ ಹಳೆಯ ಚಿತ್ರಗಳು 1990ರಲ್ಲಿ ಗೊತ್ತಾದವು. ಅದಕ್ಕೆ ಮುಂಚೆ, ಪ್ರವಾಸಿಗರ ಪಂಜಿನ ಮಸಿ ತೆಗೆಯಲು ಗೋಡೆಗಳನ್ನು ಆಸಿಡ್ ಹಾಕಿ ತೊಳೆದಿದ್ದರು. ಅಲ್ಲಿ ಚಿತ್ರಗಳಿವೆ ಅಂತ ಯಾರಿಗೂ ಗೊತ್ತಿರಲಿಲ್ಲ. ಹೆಚ್ಚಿನವು ಹಾಗೇ ಅಳಿದುಹೋದವು. ಉಳಿದ ಆನೆಯಂಥ ಮ್ಯಾಮತ್ ಚಿತ್ರಗಳ ಮುಂದೆ ನಿಂತಾಗಲೆಲ್ಲ ನನಗೆ ಹೊಟ್ಟೆ ಚುರ್ ಅನ್ನುತ್ತದೆ.

ಇನ್ನು ಊಟ. ಹಳ್ಳಿ ಹೋಟೆಲಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡರ ತನಕ ಮಾತ್ರ ಊಟ, ಎರಡೂವರೆಗೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ. ‘ವೆಜಿಟೇರಿಯನ್’ ಅಂದರೆ ಸಾಲದು. ‘ಸಾನ್ ವಿಯಾಂದ್, ಸಾನ್ ಪುವಾಸೋನ್’ ಅಂತ ಹೇಳಿ, ಅಂದರೆ ಮಾಂಸ ಬೇಡ, ಮೀನು ಬೇಡ. ಜೊತೆಗೆ ‘ಸಾನ್ ಲಾರ್ದೋನ್’ ಸೇರಿಸಿ. ಸಲಾಡ್ ಮೇಲೆ ಹಂದಿ ಮಾಂಸದ ಚೂರು ಉದುರಿಸುವುದು ಇಲ್ಲಿ ರೂಢಿ, ಅದನ್ನು ಅವರು ಮಾಂಸ ಅಂತ ಲೆಕ್ಕಕ್ಕೇ ತೆಗೆದುಕೊಳ್ಳದೇ ಇರಬಹುದು. ಆಡಿನ ಚೀಸ್ ಹಾಕಿದ ಸಲಾಡ್, ಆಲೂಗಡ್ಡೆ ಗ್ರಾತಾನ್ ಸಾಮಾನ್ಯವಾಗಿ ಸಿಗುತ್ತವೆ. ಇಲ್ಲಿನ ಚೀಸ್‌ಗಳಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುವುದು ಸಾಮಾನ್ಯ. ಅದು ನಿಮಗೆ ಆಗದಿದ್ದರೆ ಮೊದಲೇ ಗೊತ್ತಿರಲಿ. ನನ್ನ ಸಲಹೆ: ಎರಡು ದಿನಕ್ಕೊಮ್ಮೆ ಅಡುಗೆಮನೆ ಇರುವ ‘ಝೀತ್’, ಅಂದರೆ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆ ಹಿಡಿಯಿರಿ. ಒಂದು ಪುಟ್ಟ ಡಬ್ಬಿಯಲ್ಲಿ ಸಾರಿನ ಪುಡಿ, ಉಪ್ಪಿನಕಾಯಿ ಇರಲಿ. ಅಕ್ಕಿ, ಬೇಳೆ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತವೆ. ಭಾನುವಾರ ಮಧ್ಯಾಹ್ನ ಮತ್ತು ಸೋಮವಾರಕ್ಕೆ ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ. ದಾರಿಯಲ್ಲಿ ನೀರು ಬೇಕಾದರೆ ಹಳ್ಳಿಯ ಸ್ಮಶಾನದ ನಲ್ಲಿ ನೋಡಿ. ಗಾಬರಿ ಬೇಡ, ಇಲ್ಲಿನ ಸೈಕಲ್‌ನವರೆಲ್ಲ ಅಲ್ಲೇ ತುಂಬಿಸಿಕೊಳ್ಳುತ್ತಾರೆ. ‘ನೋನ್ ಪೊತಾಬ್ಲ್’ ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ.

ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ‘ಬೊಂಝೂರ್’ ಅನ್ನಿ. ಅದನ್ನು ಹೇಳದೆ ಬೆಲೆ ಕೇಳಿದರೆ ಮುಖ ಗಂಟಿಕ್ಕುತ್ತಾರೆ, ಹೇಳಿದರೆ ಅರ್ಧ ಊರು ಸಹಾಯಕ್ಕೆ ಬರುತ್ತದೆ.

ಕಾಡಿನಲ್ಲಿ ಎರಡು ಎಚ್ಚರಿಕೆ. ಸೆಪ್ಟೆಂಬರ್‌ನಲ್ಲಿ ಬೇಟೆ ಕಾಲ ಶುರುವಾಗುತ್ತದೆ. ‘ಶಾಸ್ ಆನ್ ಕೂರ್’ ಅಂತ ಬೋರ್ಡು ಕಂಡರೆ, ಅಂದರೆ ಬೇಟೆ ನಡೆಯುತ್ತಿದೆ, ಆ ದಾರಿಗೆ ಹೋಗಬೇಡಿ. ಎದ್ದು ಕಾಣುವ ಬಣ್ಣದ ಜಾಕೆಟ್ ಹಾಕಿಕೊಳ್ಳಿ. ಎರಡನೆಯದು ಉಣ್ಣಿ. ಮಲೆನಾಡಿನ ಪಕ್ಕದವರಿಗೆ ಉಣ್ಣಿಯ ಭಯ ಹೊಸದಲ್ಲ. ಇಲ್ಲಿನ ಉಣ್ಣಿಯಿಂದ ಲೈಮ್ ಅನ್ನುವ ಕಾಯಿಲೆ ಬರಬಹುದು. ಸಂಜೆ ಮಂಡಿಯ ಹಿಂದೆ, ಕಂಕುಳು, ಸೊಂಟ ನೋಡಿಕೊಳ್ಳಿ. ಔಷಧಿ ಅಂಗಡಿಯಲ್ಲಿ ಉಣ್ಣಿ ಕೀಳುವ ಪುಟ್ಟ ಕೊಕ್ಕೆ ಸಿಗುತ್ತದೆ. ಕಚ್ಚಿದ ಜಾಗದ ಸುತ್ತ ಕೆಂಪು ಉಂಗುರ ಹರಡಿದರೆ ಡಾಕ್ಟರ ಹತ್ತಿರ ಹೋಗಿ. ಕಾಲುದಾರಿ ಬಿಟ್ಟು ಒಳಗೆ ನುಗ್ಗಬೇಡಿ. ಫ್ರಾನ್ಸ್‌ನ ಕಾಡಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಖಾಸಗಿ. ಮರದ ಮೇಲೆ ಬಿಳಿ-ಕೆಂಪು ಪಟ್ಟಿ ಅಥವಾ ಹಳದಿ ಪಟ್ಟಿ ಇದ್ದರೆ ಸರಿ ದಾರಿ. ಪಟ್ಟಿ ಗುಣಾಕಾರದ ಚಿಹ್ನೆಯ ಹಾಗಿದ್ದರೆ ತಪ್ಪು ದಾರಿ, ವಾಪಸು ಬನ್ನಿ. ಎಲ್ಲಿ ಏನಾದರೂ ತುರ್ತಾದರೆ 112.

ರೈಲಿನ ಬಗ್ಗೆ ಒಂದು ಮಾತು. ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ ಹಾಕಲು ಜಾಗ ಇರುತ್ತದೆ. ವೇಗದ ಟಿಜಿವಿಯಲ್ಲಿ ಅಷ್ಟು ಸಲೀಸಲ್ಲ. ನೀವು ಶಾಲೋನ್ ಕಡೆ ಒಂದು ಜೊತೆ, ಓಸೆರ್ ಕಡೆ ಇನ್ನೊಂದು ಜೊತೆ ಬಾಡಿಗೆಗೆ ಹಿಡಿದರೆ ಸೈಕಲ್ ಹೊರುವ ಕಷ್ಟವೇ ಇಲ್ಲ. ಬಾಗಿಲಲ್ಲಿ ‘ಅಕ್ಯೋಯ್ ವೇಲೋ’ ಅನ್ನುವ ಫಲಕ ಇರುವ ಮನೆ, ಹೋಟೆಲುಗಳಲ್ಲಿ ಉಳಿಯಿರಿ. ರಾತ್ರಿ ಸೈಕಲ್ ಒಳಗಿಡಲು ಜಾಗ, ರಿಪೇರಿ ಸಾಮಾನು ಅಲ್ಲಿ ಇರುತ್ತದೆ.

ದಿನ ಹೊಂದಿಸುವಾಗ ಒಂದು ನೋಡಿಕೊಳ್ಳಿ. ಸೆಪ್ಟೆಂಬರ್ ಮೂರನೇ ಶನಿವಾರ ಭಾನುವಾರ ಫ್ರಾನ್ಸ್‌ನಲ್ಲಿ ಪರಂಪರೆಯ ದಿನಗಳು. ವರ್ಷವಿಡೀ ಬೀಗ ಹಾಕಿರುವ ಎಷ್ಟೋ ಮನೆ, ಗೋಪುರ, ಚರ್ಚುಗಳ ಬಾಗಿಲು ಆ ಎರಡು ದಿನ ತೆಗೆಯುತ್ತಾರೆ. ಆ ಹೊತ್ತಿಗೆ ಕ್ಲೂನಿಯಲ್ಲಿ ಇರುವ ಹಾಗೆ ಮಾಡಿಕೊಳ್ಳಿ. ಆ ಎರಡು ರಾತ್ರಿಗೆ ರೂಮು ಮಾತ್ರ ಈಗಲೇ ಬುಕ್ ಮಾಡಿ.